ಬಣ್ಣದ ಕಡ್ಡಿಯಿಂದ ಚಿತ್ರ ತೆಗೆಯುವ ಬಗೆ

ಕಳೆದ ವರ್ಷದ ಹಳೆಯ ವಿದ್ಯಾರ್ಥಿನಿಯರ ಸಮ್ಮೇಳನದ ದಿವಸ ನಮ್ಮ ಶಾಲೆಯ ಚಿತ್ರಕಲೆಯ ಕೋಣೆಯಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯರು ಪ್ಯಾಸ್ಟಲ್ ಕಡ್ಡಿಗಳಿಂದ ತೆಗೆದ ಕೆಲವು ಚಿತ್ರಗಳನ್ನು ತೂಗಹಾಕಿದ್ದೆವು. ಚಹಾಪಾನದ ತರುವಾಯ ಅಲ್ಲಿಗೆ ಬಂದವರಲ್ಲಿ ಅನೇಕರು ಈಗ ತಾಯಂದಿರು. ಇಬ್ಬರು ಮೂವರು ಅಜ್ಜಿಯರೂ ಆಗಿರುವರು. ಅವರು ಆ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತರು. ಒಬ್ಬರು ಬೆರಳಿನಿಂದ ಮೆಲ್ಲನೆ ಮುಟ್ಟಿ, ಬೆರಳಿಗೆ ನೀಲಿಯ ಪುಡಿ ಹತ್ತಿದ್ದನ್ನು ಕಂಡು, ಕೈಯನ್ನು ಸೆರಗಿನಲ್ಲಿ ಮರೆಮಾಡಿಕೊಂಡರು. ಅದು ನಮ್ಮ ಕಣ್ಣಿಗೆ ಬೀಳದೆ ಇರಲಿಲ್ಲ. ಆದರೆ ಶಾಲೆ ಬಿಟ್ಟು ಮೂವತ್ತು ವರ್ಷಗಳಾದವರನ್ನು ಬೆಂಚಿನ ಮೇಲೆ ನಿಲ್ಲಿಸುವ ಅಧಿಕಾರವು ನಮಗಿಲ್ಲ. “ಇದು ಹಲಗೆಯ ಮೇಲೆ ಬರೆಯುವ ಖಡುವೇ, ಅಕ್ಕೋರೇ?” ಎಂದು ಒಬ್ಬರು ಕೇಳಿದರು. “ಈ ವಯಸ್ಸಿನಲ್ಲಿ ಆರಂಭಿಸಿದರೆ ನಮ್ಮ ಕೈ ಬಗ್ಗುವದೇ?” ಎಂದು ಇನ್ನೊಬ್ಬರು ಕೇಳಿದರು. ಪಾಲಕರೊಬ್ಬರು ಮಾತ್ರ, “ಇದರಿಂದ ಪರೀಕ್ಷೆಯಲ್ಲಿ ಎಷ್ಟು ಮಾರ್ಕು?” ಎಂದರು. ಈ ಮೂರು ಪ್ರಶ್ನೆಗಳಿಗೂ ಸ್ಮರಣಸಂಚಿಕೆಯಲ್ಲಿ ಉತ್ತರ ಕೊಡುವೆವೆಂದು ಅಂದು ಮಾತು ಕೊಟ್ಟೆವು. ಆ ಮಾತನ್ನು ಈಗ ಸಲ್ಲಿಸುತ್ತೇವೆ.

ಪಾಲಕರ ಪ್ರಶ್ನೆಯು ಚಿಕ್ಕದು. ಅದನ್ನು ಮೊದಲು ಮುಗಿಸಿ ಬಿಡುವೆವು. 1956 ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ನಮ್ಮ ಜಿಲ್ಲೆಯು ಮುಂಬಯಿಗೆ ಸೇರಿದ್ದಾಗ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಚಿತ್ರಕಲೆಯ ಪರೀಕ್ಷೆಗಳಿದ್ದವು. ಕರ್ನಾಟಕದಲ್ಲಿ ಲೋಯರ್, ಹಾಯರ್ ಎಂಬ ಗ್ರೇಡ್ ಪರೀಕ್ಷೆಗಳುಂಟು. ಅವುಗಳಿಗೆ ಕೂಡ್ರಬೇಕಾದವಳು ಪೆನ್ಸಿಲನ್ನೂ ನೀರುಬಣ್ಣವನ್ನೂ ಸಾಧಿಸಲೇಬೇಕು. ಪ್ಯಾಸ್ಟಲ್ ಕಡ್ಡಿಯು ಅದಕ್ಕೆ ಅಡ್ಡದಾರಿಯಲ್ಲ. ನಾವು ಇದನ್ನು ಕಲಿಸುವದು ಮಾರ್ಕಿಗಾಗಿ ಅಲ್ಲ. ವಸ್ತುವನ್ನು ನೋಡುವ ಅಭ್ಯಾಸವು ಹುಡುಗಿಗೆ ಬೇಗನೆ ಹತ್ತಲೆಂದು. ನೀರುಬಣ್ಣದಲ್ಲಿ ಕುಂಚ, ನೀರು, ಕಾಗದ, ಕಾಲ ಈ ನಾಲ್ಕನ್ನೂ ಒಟ್ಟಿಗೆ ಆಳಬೇಕಾಗುವದು. ಒಂದು ಹನಿ ಹೆಚ್ಚಾದರೆ ಆಕಾಶವು ಹೊಲದೊಳಗೆ ಹರಿಯುವದು. ಕಡ್ಡಿಯಲ್ಲಾದರೋ ನೀರಿಲ್ಲ, ಕುಂಚವಿಲ್ಲ, ಒಣಗುವ ವರೆಗೆ ಕಾಯುವದಿಲ್ಲ. ನಾಲ್ಕು ವರ್ಷದ ಕೂಸು ಇದ್ದಿಲಿನ ತುಂಡಿನಿಂದ ಅಂಗಳದ ಮೇಲೆ ಗೀಚುವದಷ್ಟೇ. ಅದೇ ಕೈಚಲನೆಯೇ ಇಲ್ಲಿಯೂ ಸಾಕು.

ಇನ್ನು, ಇದು ಖಡುವೇ ಎಂಬ ಪ್ರಶ್ನೆ. ಖಡುವಿನ ತಂಗಿ ಎನ್ನಬಹುದು. ಪೇಟೆಯಲ್ಲಿ ಪ್ಯಾಸ್ಟಲ್ ಎಂಬ ಒಂದೇ ಹೆಸರಿನಿಂದ ಎರಡು ಭಿನ್ನ ಪದಾರ್ಥಗಳು ಮಾರಲ್ಪಡುವದರಿಂದ ಕೊಳ್ಳುವವರಿಗೆ ಮೋಸವಾಗುವದುಂಟು. ಚಿಕ್ಕ ಮಕ್ಕಳ ಪೆಟ್ಟಿಗೆಯಲ್ಲಿರುವದು ಎಣ್ಣೆಯ ಪ್ಯಾಸ್ಟಲ್. 1925 ರ ಸುಮಾರಿಗೆ ಜಪಾನದಲ್ಲಿ ಶಾಲೆಯ ಮಕ್ಕಳಿಗಾಗಿ ಅದು ಹುಟ್ಟಿತು. ಅದರಲ್ಲಿ ಎಣ್ಣೆಯೂ ಮೇಣವೂ ಇರುವದರಿಂದ ಕೈಗೆ ಜಿಡ್ಡಾಗಿ ಹತ್ತುವದು, ಕಾಗದದ ಮೇಲೆ ಹೊಳೆಯುವದು. ಅದೂ ಒಳ್ಳೆಯದೇ, ಆದರೆ ಅದು ಬೇರೆ. ನಾವು ಹೇಳುವದು ಮೃದು ಪ್ಯಾಸ್ಟಲ್ ಅಥವಾ ಒಣ ಪ್ಯಾಸ್ಟಲ್ ಎಂಬದನ್ನು. ಬಣ್ಣದ ನುಣ್ಣನೆಯ ಪುಡಿಗೆ ಬೇಕಾದಷ್ಟು ಸುಣ್ಣಕಲ್ಲಿನ ಬಿಳಿ ಪುಡಿ ಬೆರಸಿ, ಟ್ರಾಗಕಾಂತ್ ಎಂಬ ಗೋಂದಿನ ತೆಳು ನೀರಿನಲ್ಲಿ ಕಣಕದಂತೆ ನಾದಿ, ಹೊಸೆದು ಒಣಗಿಸಿದರೆ ಈ ಕಡ್ಡಿಯಾಯಿತು. ಇಟಲಿಯ ಭಾಷೆಯಲ್ಲಿ ಕಣಕಕ್ಕೆ ಪಾಸ್ತಾ ಎಂಬ ಹೆಸರಿರುವದು. ಅದರಿಂದಲೇ ಈ ಕಡ್ಡಿಗೂ ಹೆಸರು ಬಂತು. ಗೋಂದು ಅತ್ಯಲ್ಪ, ಕಡ್ಡಿಯು ಮುರಿಯದೆ ನಿಲ್ಲುವದಕ್ಕೆ ಸಾಕಾಗುವಷ್ಟು ಮಾತ್ರ. ಆದಕಾರಣ ಕಾಗದದ ಮೇಲೆ ಬಿದ್ದ ಬಣ್ಣವು ಪಾತರಗಿತ್ತಿಯ ರೆಕ್ಕೆಯ ಪುಡಿಯಂತೆ ಬಿಡಿಬಿಡಿಯಾಗಿಯೇ ಇರುವದು. ಎಣ್ಣೆಯ ಪೊರೆಯಾಗಲಿ ವಾರ್ನಿಶಾಗಲಿ ಅಡ್ಡವಿಲ್ಲದ್ದರಿಂದ ಬೆಳಕು ನೇರವಾಗಿ ಆ ಕಣಗಳಿಗೆ ತಾಕಿ ಚದರಿ ಹಿಂದಿರುಗುವದು. ಈ ಚಿತ್ರಗಳಲ್ಲಿ ಕಾಣುವ ಮಖಮಲ್ಲಿನಂಥ ಕಾಂತಿಗೂ, ಬೆರಳಿಗೆ ನೀಲಿ ಹತ್ತುವ ದೋಷಕ್ಕೂ ಕಾರಣವು ಒಂದೇ.

ಕಲಾಕಾರರ ಕಡ್ಡಿಗೂ ವಿದ್ಯಾರ್ಥಿಗಳ ಕಡ್ಡಿಗೂ ಇರುವ ಅಂತರವು ಮುಖ್ಯವಾಗಿ ಬಣ್ಣದ ಪುಡಿಯ ಪ್ರಮಾಣದಲ್ಲಿಯೂ ಜಾತಿಯಲ್ಲಿಯೂ ಇರುವದು. ಅಗ್ಗದ ಕಡ್ಡಿಯಲ್ಲಿ ಬಿಳಿ ಪುಡಿ ಹೆಚ್ಚು, ಬಣ್ಣ ಕಡಿಮೆ. ಅದರಲ್ಲಿಯೂ ಕೆಲವು ಬಣ್ಣಗಳು ಬಿಸಿಲಿಗೆ ನಿಲ್ಲತಕ್ಕವಲ್ಲ. ಮಣ್ಣಿನಿಂದಲೂ ಕಬ್ಬಿಣದಿಂದಲೂ ಬಂದ ಬಣ್ಣಗಳು ಮಾತ್ರ ಅಗ್ಗದ್ದರಲ್ಲಿಯೂ ನಂಬಿಗೆಗೆ ಯೋಗ್ಯವಾದವುಗಳು. ನಮ್ಮ ಕರಾವಳಿಯ ಹಳೆಯ ದೇವಾಲಯಗಳ ಗೋಡೆಗಳಲ್ಲಿ ಕಾವಿಯ ಕೆಂಪಿನಿಂದಲೂ ಸುಣ್ಣದ ಬಿಳುಪಿನಿಂದಲೂ ಮಾಡಿದ ಚಿತ್ರಗಳನ್ನು ವಾಚಕರು ನೋಡಿರಬಹುದು. ಆ ಕಾವಿಯೂ ಪೆಟ್ಟಿಗೆಯಲ್ಲಿರುವ ಇಟ್ಟಂಗಿಗೆಂಪಿನ ಕಡ್ಡಿಯೂ ಒಂದೇ ಕುಲ. ಯಾವ ಬಣ್ಣ ನಿಲ್ಲುವದು, ಯಾವದು ಓಡುವದು ಎಂದು ತಿಳಿಯಬೇಕಾದರೆ ಅಂಗಡಿಯವನನ್ನು ಕೇಳಬೇಡಿರಿ. ಎಲ್ಲ ಕಡ್ಡಿಗಳಿಂದಲೂ ಒಂದು ಕಾಗದದ ಪಟ್ಟಿಯ ಮೇಲೆ ಅಡ್ಡಗೆರೆಗಳನ್ನೆಳೆದು, ಪಟ್ಟಿಯ ಅರ್ಧ ಭಾಗಕ್ಕೆ ರಟ್ಟು ಮುಚ್ಚಿ, ಜನವರಿಯಿಂದ ಮೇ ವರೆಗೆ ದಕ್ಷಿಣದ ಕಿಟಿಕಿಯಲ್ಲಿ ಅಂಟಿಸಿ ಇಡಿರಿ. ರಟ್ಟು ತೆಗೆದಾಗ ಸತ್ಯವು ಹೊರಬೀಳುವದು. ನಮ್ಮ ಶಾಲೆಯ ಪಟ್ಟಿಯಲ್ಲಿ ಅತ್ಯಂತ ಸುಂದರವಾಗಿದ್ದ ಒಂದು ಗುಲಾಬಿಯು ಐದು ತಿಂಗಳಲ್ಲಿ ಹೆಸರಿಲ್ಲದೆ ಹೋಯಿತು. ಕಾವಿಯೂ ಕಪ್ಪೂ ಕಂದೂ ಇದ್ದಂತೆಯೇ ಇದ್ದವು.

ಇಷ್ಟು ಹೇಳಿದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುವೆವು. ಅದು ಕಡ್ಡಿಯ ವಿಷಯವಲ್ಲ, ಕಾಗದದ ವಿಷಯ. ಹೊಸಬರು ಬಿಳಿಯ ನುಣುಪಾದ ಡ್ರಾಯಿಂಗ್ ಕಾಗದವನ್ನು ತಂದು ಅದರ ಮೇಲೆ ತಿಕ್ಕುವರು. ಪುಡಿಯು ಜಾರಿ ಮಡಿಲಿಗೆ ಬೀಳುವದು. “ನಮಗೆ ಇದು ಬಾರದು” ಎಂದು ಪೆಟ್ಟಿಗೆಯನ್ನು ಮುಚ್ಚಿಡುವರು. ದೋಷವು ಅವರದಲ್ಲ. ಪುಡಿಯು ನಿಲ್ಲಬೇಕಾದರೆ ಕಾಗದದಲ್ಲಿ ತರಿ ಇರಬೇಕು. ಮತ್ತು ಆ ಕಾಗದವು ಬಿಳಿಯದಾಗಿರದೆ ನಡುವಣ ಬಣ್ಣದ್ದಾಗಿರಬೇಕು. ಇದು ಫ್ರಾನ್ಸಿನಿಂದ ಬಂದ ಉಪದೇಶವೆಂದು ತಿಳಿಯಬಾರದು. ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರ ಹೆಂಗಸರು ಹಬ್ಬದಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಬಿಳಿಯ ಶೇಡಿಯಿಂದ ಚಿತ್ರ ಬರೆಯುವದನ್ನು ನೆನಸಿರಿ. ಗೋಡೆಯ ಒರಟುತನವು ಶೇಡಿಯನ್ನು ಹಿಡಿಯುವದು. ಗೋಡೆಯ ಕೆಂಪು ಬಿಳುಪನ್ನು ಎತ್ತಿ ತೋರಿಸುವದು. ಬರೆಯದೆ ಬಿಟ್ಟ ಕೆಂಪು ಸಹ ಚಿತ್ರವೇ ಆಗಿರುವದು. ಘಟ್ಟದ ಮೇಲೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರದಲ್ಲಿಯೂ ಇದೇ ನ್ಯಾಯ. ಪ್ಯಾಸ್ಟಲ್ ಚಿತ್ರಕಲೆಯ ಮೊದಲನೆಯ ಪಾಠವನ್ನು ನಮ್ಮ ಅಜ್ಜಿಯರು ಗೋಡೆಯ ಮೇಲೆ ಬರೆದಿಟ್ಟಿದ್ದರು. ತರಬೇತಿ ಹೊಂದಿದ ನಾವು ಬಿಳಿಯ ಕಾಗದವನ್ನೇ ಹುಡುಗಿಯರ ಮುಂದೆ ಇಡುತ್ತ ಬಂದೆವು.

ಇದಕ್ಕಾಗಿಯೇ ತಯಾರಿಸಿದ ಬಣ್ಣದ ಪ್ಯಾಸ್ಟಲ್ ಕಾಗದಗಳು ದೊಡ್ಡ ಊರುಗಳ ಕಲಾಸಾಮಗ್ರಿಯ ಅಂಗಡಿಗಳಲ್ಲಿ ದೊರೆಯುವವು, ಅಂಚೆಯಿಂದಲೂ ತರಿಸಬಹುದು. ಅವುಗಳ ಎರಡು ಮಗ್ಗುಲುಗಳಲ್ಲಿ ಒಂದು ಹೆಚ್ಚು ತರಿಯಾಗಿಯೂ ಇನ್ನೊಂದು ನುಣುಪಾಗಿಯೂ ಇರುವದುಂಟು. ಬೆರಳಾಡಿಸಿ ನೋಡಿ ಆರಿಸಿಕೊಳ್ಳತಕ್ಕದ್ದು. ಅಭ್ಯಾಸಕ್ಕಾದರೆ ಅಷ್ಟು ವೆಚ್ಚ ಬೇಡ. ಪಾರ್ಸೆಲು ಕಟ್ಟುವ ಕಂದು ಕಾಗದದ ಒರಟು ಮಗ್ಗುಲು ಸಾಕು. ಬಡಗಿಗಳು ಮರ ಉಜ್ಜುವ ಅತಿ ನುಣ್ಣನೆಯ ಮರಳುಕಾಗದವು ಬಣ್ಣವನ್ನು ಬಹು ಚೆನ್ನಾಗಿ ಹಿಡಿಯುವದು. ಆದರೆ ಕಡ್ಡಿಯನ್ನೂ ಬೆರಳ ತುದಿಯನ್ನೂ ಸಮವಾಗಿ ಸವೆಸುವದು. ಈ ಅಗ್ಗದ ಕಾಗದಗಳು ಕಾಲಕ್ರಮದಲ್ಲಿ ಕಪ್ಪಾಗಿ ಮುರುಕಾಗುವದರಿಂದ, ಇಟ್ಟುಕೊಳ್ಳಬೇಕೆನಿಸುವ ಚಿತ್ರಕ್ಕೆ ಅವು ತಕ್ಕವಲ್ಲ. ಮೊದಲಿನ ಇಪ್ಪತ್ತು ಚಿತ್ರಗಳಲ್ಲಿ ಇಟ್ಟುಕೊಳ್ಳಬೇಕೆನಿಸುವದು ಒಂದೋ ಎರಡೋ, ಆದುದರಿಂದ ಅಂಜಬೇಕಾದ್ದಿಲ್ಲ.

ಕಡ್ಡಿಗಳ ವಿಷಯದಲ್ಲಿ ನಮ್ಮ ಮತವೇನಂದರೆ, ದೊಡ್ಡ ಪೆಟ್ಟಿಗೆಯನ್ನು ಕೊಳ್ಳಬಾರದು. ಎಪ್ಪತ್ತೆರಡು ಬಣ್ಣಗಳ ಪೆಟ್ಟಿಗೆಯನ್ನು ಮಗಳಿಗೆ ಪ್ರೀತಿಯಿಂದ ತಂದುಕೊಟ್ಟ ತಂದೆಯರನ್ನು ನಾವು ಬಲ್ಲೆವು. ಆ ಮಗಳು ಬಣ್ಣ ಆರಿಸುವದರಲ್ಲಿಯೇ ದಣಿಯುವಳು. ಹನ್ನೆರಡು ಸಾಕು: ಬಿಳಿ, ಕಪ್ಪುಗಂದು, ನಡುವಣ ಕಂದು, ಕಾವಿ, ಮಣ್ಣಿನ ಹಳದಿ, ನಿಂಬೆ ಹಳದಿ, ಕಡುಗೆಂಪು, ಅಲ್ಟ್ರಾಮರೀನ್ ನೀಲಿ, ತಿಳಿ ನೀಲಿ, ಎಲೆಹಸಿರು, ಕಡುಹಸಿರು, ಬೂದಿ. ಅಚ್ಚ ಕಪ್ಪನ್ನು ಮೊದಲಿನ ಆರು ತಿಂಗಳು ಪೆಟ್ಟಿಗೆಯಿಂದ ತೆಗೆದು ಬೇರೆ ಇಡಿರಿ. ಕಾರಣವನ್ನು ಮುಂದೆ ಹೇಳುವೆವು. ಇವುಗಳ ಜತೆಗೆ ಗಟ್ಟಿ ಜಾತಿಯ ಒಂದು ಕಂದು ಕಡ್ಡಿಯಿರಲಿ. ಪೆಟ್ಟಿಗೆ ಬಂದ ಕೂಡಲೆ ಸುತ್ತಿದ ಕಾಗದವನ್ನು ಸುಲಿದು, ಪ್ರತಿಯೊಂದು ಕಡ್ಡಿಯನ್ನು ಒಂದು ಅಂಗುಲದ ತುಂಡಾಗಿ ಮುರಿಯಬೇಕು. ಇದನ್ನು ಹೇಳಿದಾಗ ಹುಡುಗಿಯರ ಮುಖ ಬಾಡುವದು. ಹೊಸ ಬಳೆಯನ್ನು ಒಡೆಯೆಂದಂತಾಗುವದು. ಆದರೆ ಮುರಿಯದ ಕಡ್ಡಿಯನ್ನು ಪೆನ್ಸಿಲಿನಂತೆ ತುದಿಯಿಂದಲೇ ಹಿಡಿಯುವ ಚಾಳಿ ಬೀಳುವದು. ಪ್ಯಾಸ್ಟಲ್ಲಿನ ಬಲವಿರುವದು ತುದಿಯಲ್ಲಲ್ಲ, ಮಗ್ಗುಲಿನಲ್ಲಿ. ತುಂಡನ್ನು ಅಡ್ಡಲಾಗಿ ಕಾಗದದ ಮೇಲೆ ಮಲಗಿಸಿ ಎಳೆದರೆ ಒಂದು ಅಂಗುಲ ಅಗಲದ ಬಣ್ಣದ ಪಟ್ಟಿಯು ಒಂದೇ ಸಲಕ್ಕೆ ಬೀಳುವದು.

ಈಗ ಪಾಠ. ಮೊದಲ ಚಿತ್ರಕ್ಕೆ ಗುಲಾಬಿಯನ್ನಾಗಲಿ ಸೂರ್ಯಾಸ್ತವನ್ನಾಗಲಿ ಆರಿಸಬಾರದು. ಸಿಪ್ಪೆ ಸುಲಿಯದ ಒಂದು ಒಣ ತೆಂಗಿನಕಾಯಿಯನ್ನು ತೆಗೆದುಕೊಳ್ಳಿರಿ. ಅದು ನಮ್ಮ ಊರಿನ ಎಲ್ಲ ಮನೆಗಳಲ್ಲಿಯೂ ಉಂಟು, ಬಾಡುವದಿಲ್ಲ, ಅಲುಗಾಡುವದಿಲ್ಲ, ತುಸು ಸೊಟ್ಟಾದರೂ ಯಾರೂ ತಪ್ಪು ಹಿಡಿಯಲಾರರು. ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಒಂದೇ ಕಿಟಿಕಿಯ ಬೆಳಕು ಬೀಳುವ ಕಡೆಯಲ್ಲಿ, ಮಣೆಯ ಮೇಲೆ ಮಡಿಸಿದ ಬಿಳಿಯ ಟವೆಲು ಹಾಸಿ, ಅದರ ಮೇಲೆ ಕಾಯಿಯನ್ನು ಇಡಿರಿ. ಕಂದು ಕಾಗದವನ್ನು ಹಲಗೆಗೆ ಸಿಕ್ಕಿಸಿ, ಹಲಗೆಯನ್ನು ಗೋಡೆಗೆ ಆನಿಸಿ ಸಾಧ್ಯವಾದಷ್ಟು ನೆಟ್ಟಗೆ ನಿಲ್ಲಿಸಿರಿ. ಮಲಗಿಸಿದ ಹಲಗೆಯ ಮೇಲೆ ಪುಡಿಯು ಅಲ್ಲಿಯೇ ಕೂತು ಚಿತ್ರವನ್ನು ಕೆಡಿಸುವದು. ತರುವಾಯ ಐದು ಮಿನಿಟು ಏನನ್ನೂ ಬರೆಯದೆ ಕಣ್ಣುಗಳನ್ನು ಅರೆಮುಚ್ಚಿ ಕಾಯಿಯನ್ನು ನೋಡಿರಿ. ಅರೆಗಣ್ಣಿಗೆ ನಾರು, ಚುಕ್ಕೆ, ಗೀರು ಎಲ್ಲವೂ ಮಾಯವಾಗಿ ಮೂರೇ ಭಾಗಗಳು ಕಾಣುವವು: ಕಿಟಿಕಿಯ ಕಡೆಗೆ ಬೆಳಕು, ಅದರ ಎದುರಿಗೆ ನೆರಳು, ನಡುವೆ ಎರಡೂ ಅಲ್ಲದ ಒಂದು ಅಗಲವಾದ ಪ್ರದೇಶ. ಆ ನಡುವಣ ಪ್ರದೇಶದ ಬಣ್ಣವು ಹೆಚ್ಚು ಕಡಿಮೆ ನಿಮ್ಮ ಕಾಗದದ ಬಣ್ಣವೇ ಆಗಿರುವದನ್ನು ಗಮನಿಸಿರಿ. ಅಂದರೆ ಒಂದು ಗೆರೆ ಎಳೆಯುವ ಮೊದಲೇ ನಿಮ್ಮ ಚಿತ್ರದ ಮೂರರಲ್ಲಿ ಒಂದು ಪಾಲು ತಯಾರಾಗಿ ಕುಳಿತಿದೆ.

ಗಟ್ಟಿ ಕಂದು ಕಡ್ಡಿಯಿಂದ, ಒತ್ತದೆ, ಕಾಯಿಯ ಆಕಾರವನ್ನು ಹಗುರವಾಗಿ ಗುರುತಿಸಿರಿ. ಆ ಮೇಲೆ ಕಪ್ಪುಗಂದಿನ ತುಂಡನ್ನು ಮಗ್ಗುಲಾಗಿ ಹಿಡಿದು ನೆರಳಿನ ಭಾಗವನ್ನು ಹಾಕಿರಿ. ಅದರ ಮೇಲೆ ತುಸು ನೀಲಿಯನ್ನು ಹಾಯಿಸಿರಿ. ನಡುವಣ ಪ್ರದೇಶವನ್ನು ಮುಟ್ಟಲೇ ಬೇಡಿರಿ. ಬೆಳಕಿನ ಕಡೆಗೆ ಮಣ್ಣಿನ ಹಳದಿ. ಕೊನೆಗೆ, ಎಲ್ಲಕ್ಕೂ ಕೊನೆಗೆ, ಅತ್ಯಂತ ಬೆಳಕು ಬಿದ್ದ ಒಂದೆರಡು ಸ್ಥಳಗಳಲ್ಲಿ ಬಿಳಿಯನ್ನೋ ನಿಂಬೆ ಹಳದಿಯನ್ನೋ ಗಟ್ಟಿಯಾಗಿ ಒಂದೇ ಸಲ ಒತ್ತಿ ಕೈ ತೆಗೆಯಿರಿ. ಟವೆಲಿನ ಬಿಳುಪನ್ನು ಸಹ ಬೆಳಕು ಬಿದ್ದ ಕಡೆಯಲ್ಲಿ ಮಾತ್ರ ಹಾಕಿ, ಕಾಯಿಯ ನೆರಳು ಬಿದ್ದಲ್ಲಿ ಬೂದಿ ನೀಲಿಗಳನ್ನು ಹಾಕಿದರೆ ಸಾಕು. ಹೀಗೆ ಕತ್ತಲೆಯಿಂದ ಬೆಳಕಿಗೆ, ಗಟ್ಟಿ ಕಡ್ಡಿಯಿಂದ ಮೃದು ಕಡ್ಡಿಗೆ ನಡೆಯಬೇಕು. ಹಿಂದುಮುಂದಾದರೆ, ಮೊದಲು ಹಾಕಿದ ಮೃದುವಾದ ಬಣ್ಣದ ಮೇಲೆ ಗಟ್ಟಿ ಕಡ್ಡಿಯು ಜಾರುವದು. ನಾಲ್ಕು ಪದರುಗಳ ಮೇಲೆ ಕಾಗದದ ತರಿ ತುಂಬಿಹೋಗಿ ಅದು ಮತ್ತೆ ಬಣ್ಣ ತಕ್ಕೊಳ್ಳದು. ಆಗ ಒಣಗಿದ ಬಿರುಸು ಕುಂಚದಿಂದ ಆ ಸ್ಥಳವನ್ನು ಕೊಡವಿ ಪುನಃ ಹಾಕಬಹುದು. ಅರ್ಧ ಗಂಟೆಯಲ್ಲಿ ನಿಲ್ಲಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿರಿ. ಮೊದಲ ಸಲವೇ ದುಂಡನೆಯ ಕಾಯೊಂದು ಕಾಗದದಿಂದ ಹೊರಗೆ ಬಂದಂತೆ ಕಂಡಾಗ ಹುಡುಗಿಯರು ಕೂಗುವ ಕೂಗಿಗೆ ಪಕ್ಕದ ವರ್ಗದ ಗಣಿತವು ನಿಂತದ್ದುಂಟು.

ತಪ್ಪುಗಳಲ್ಲಿ ಮೊದಲನೆಯದು ಸುತ್ತಲೂ ಕರಿಯ ಗೆರೆ ಎಳೆದು ಒಳಗೆ ಬಣ್ಣ ತುಂಬುವದು. ಇದನ್ನು ಹಿಂದೆ ಕಲಿಸಿದವರು ನಾವೇ ಆದುದರಿಂದ ಹಳೆಯ ವಿದ್ಯಾರ್ಥಿನಿಯರನ್ನು ಆಕ್ಷೇಪಿಸಲಾರೆವು. ಎರಡನೆಯದು ಬೆರಳಿನಿಂದ ತಿಕ್ಕುವದು. ತಿಕ್ಕಿದಾಗ ಬಣ್ಣಗಳು ನುಣ್ಣಗೆ ಬೆರೆಯುವವು, ಅದು ಮೊದಲು ಬಹಳ ಹಿತವೆನಿಸುವದು. ಆದರೆ ಎಲ್ಲೆಲ್ಲಿಯೂ ತಿಕ್ಕಿದರೆ ಕಣಗಳು ಕಾಗದದ ತರಿಯೊಳಗೆ ಸೇರಿ, ಕಾಂತಿಯು ಸತ್ತು, ಚಿತ್ರವು ತೊಳೆಯದ ಪಾಟಿಯಂತಾಗುವದು. ಆಕಾಶದಲ್ಲಿಯೋ ದೂರದ ಗುಡ್ಡದಲ್ಲಿಯೋ ಒಮ್ಮೆ ತಿಕ್ಕಿದರೆ ದೋಷವಿಲ್ಲ. ಬಣ್ಣ ಬೆರಸುವ ಬೇರೆ ಉಪಾಯವನ್ನು ನಿಮ್ಮ ಸೀರೆಯೇ ಹೇಳಿಕೊಡುವದು. ಹಾಸಿನಲ್ಲಿ ಒಂದು ಬಣ್ಣ, ಹೊಕ್ಕಿನಲ್ಲಿ ಇನ್ನೊಂದು ಬಣ್ಣವಿರುವ ರೇಶಿಮೆ ಸೀರೆಯಲ್ಲಿ ಎಳೆಗಳು ಬೇರೆಬೇರೆಯಾಗಿಯೇ ಇದ್ದರೂ ದೂರಕ್ಕೆ ಮೂರನೆಯ ಬಣ್ಣವು ಮಿರುಗುವದಲ್ಲವೇ? ಅದರಂತೆ ನೀಲಿಯ ಗೆರೆಗಳ ನಡುನಡುವೆ ಹಳದಿಯ ಗೆರೆಗಳನ್ನು ಎಳೆಯಿರಿ. ದೂರದಿಂದ ನೋಡುವವಳ ಕಣ್ಣಿನಲ್ಲಿ ಅವು ಒಂದಾಗಿ ಬೆರೆಯುವವು. ಪೆಟ್ಟಿಗೆಯಲ್ಲಿ ಬರುವ ಹಸಿರು ಕಡ್ಡಿಗಳು ಸಾಮಾನ್ಯವಾಗಿ ಬಹಳ ಗಡುಸು. ನಮ್ಮ ಊರಿನ ಆಗಸ್ಟ್ ತಿಂಗಳ ಗದ್ದೆಯನ್ನು ಕೇವಲ ಹಸಿರಿನಿಂದ ಬರೆದರೆ ಅದು ಬಾಗಿಲಿಗೆ ಬಳಿದ ಪೇಂಟಿನಂತೆ ಕಾಣುವದು. ಕೆಳಗೆ ಮೊದಲು ಕಾವಿಯನ್ನು ಹರಡಿ ಅದರ ಮೇಲೆ ಹಸಿರು ಹಳದಿಗಳನ್ನು ಹಾಕಿದರೆ ಮಣ್ಣೂ ಪೈರೂ ಒಟ್ಟಿಗೆ ಉಸಿರಾಡುವವು. ಊರಿನ ಹೆಸರಿನಲ್ಲಿಯೇ ಹಳದಿಯುಳ್ಳ ನಮಗೆ ಅದನ್ನು ಧಾರಾಳವಾಗಿ ಬಳಸುವ ಹಕ್ಕೂ ಇದೆ.

ಕಪ್ಪನ್ನು ಬೇರೆ ಇಡಿರೆಂದ ಕಾರಣವೂ ಇದೇ. ನೆರಳೆಂದರೆ ಕಪ್ಪು ಎಂದು ಹೊಸಬರು ತಿಳಿಯುವರು. ಸಂಜೆ ಐದು ಗಂಟೆಗೆ ಕಡಲ ದಂಡೆಗೆ ಹೋಗಿ ಮರಳಿನ ಮೇಲೆ ಬಿದ್ದ ದೋಣಿಯ ನೆರಳನ್ನು ನೋಡಿರಿ, ಅದರಲ್ಲಿ ನೀಲಿಯುಂಟು, ನೇರಳೆಯುಂಟು, ತುಸು ಕಂದೂ ಉಂಟು, ಕಪ್ಪೊಂದೇ ಇಲ್ಲ.

ಕಣ್ಣು ಮಂದವಾಗಿದೆ, ಇನ್ನು ನಮ್ಮಿಂದ ಏನಾದೀತು ಎನ್ನುವ ಹಿರಿಯ ಸಹೋದರಿಯರಿಗೆ ಈ ಕಲೆಯ ಚರಿತ್ರೆಯಿಂದ ಕೆಲವು ಮಾತುಗಳನ್ನು ಹೇಳಬೇಕು. ವೆನಿಸ್ ಪಟ್ಟಣದ ರೋಸಾಲ್ಬಾ ಕಾರಿಯೇರಾ ಎಂಬ ಸ್ತ್ರೀಯು ಪ್ಯಾಸ್ಟಲ್ಲಿನಲ್ಲಿ ಮುಖಚಿತ್ರಗಳನ್ನು ತೆಗೆದು ಯುರೋಪಿನಲ್ಲೆಲ್ಲ ಹೆಸರಾದಳು; ಹೆಂಗಸರಿಗೆ ಪ್ರವೇಶವೇ ಅಪರೂಪವಾಗಿದ್ದ ಪ್ಯಾರಿಸಿನ ರಾಜಕೀಯ ಕಲಾಪರಿಷತ್ತು 1720 ರಲ್ಲಿ ಆಕೆಯನ್ನು ಸದಸ್ಯಳನ್ನಾಗಿ ತಕ್ಕೊಂಡಿತು. ಫ್ರಾನ್ಸಿನ ಶಾರ್ದೇನನು ಜೀವಮಾನವೆಲ್ಲ ಎಣ್ಣೆಬಣ್ಣದಲ್ಲಿ ಮಡಕೆ, ಹಣ್ಣು, ಅಡಿಗೆಯ ಪಾತ್ರೆಗಳನ್ನು ಬರೆದವನು. ಮುಪ್ಪಿನಲ್ಲಿ ಕಣ್ಣಿನ ಬೇನೆಯಿಂದ ಎಣ್ಣೆಬಣ್ಣವನ್ನು ಬಿಟ್ಟು ಪ್ಯಾಸ್ಟಲ್ ಹಿಡಿದನು. ಎಪ್ಪತ್ತು ದಾಟಿದ ಮೇಲೆ, 1771 ರಲ್ಲಿ, ಕನ್ನಡಕ ಹಾಕಿಕೊಂಡ ತನ್ನದೇ ಮುಖವನ್ನು ಅವನು ಬರೆದ ಚಿತ್ರವು ಪ್ಯಾರಿಸಿನ ಲೂವ್ರ್ ಸಂಗ್ರಹದಲ್ಲಿದೆ. 1917 ರಲ್ಲಿ ತೀರಿಕೊಂಡ ದೆಗಾ ಎಂಬವನಿಗೂ ದೃಷ್ಟಿ ಕುಂದುತ್ತ ಹೋದಂತೆ ಪ್ಯಾಸ್ಟಲ್ಲೇ ಹೆಚ್ಚು ಹೆಚ್ಚು ಆಸರೆಯಾಯಿತು. ಕುಂಚದ ತುದಿಯ ಸೂಕ್ಷ್ಮವನ್ನು ಕಣ್ಣು ಹಿಂಬಾಲಿಸಲಾರದಾದಾಗಲೂ ಕೈಯಲ್ಲಿ ನೇರವಾಗಿ ಹಿಡಿದ ಬಣ್ಣವು ಮಾತು ಕೇಳುವದೆಂದು ತೋರುತ್ತದೆ. ನಮ್ಮ ದೇಶದಲ್ಲಿ ಅಬನೀಂದ್ರನಾಥ ಠಾಕೂರರು ಕಲಕತ್ತೆಯಲ್ಲಿ ಇಟಲಿಯ ಗಿಲಾರ್ಡಿ ಎಂಬವರಿಂದ ಪ್ಯಾಸ್ಟಲ್ ಕಲಿತರು. ಮೈಸೂರಿನ ಕೆ. ವೆಂಕಟಪ್ಪನವರು ಆ ಅಬನೀಂದ್ರನಾಥರ ಶಿಷ್ಯರು. ಶಿಷ್ಯರಿಗೆ ಹೆಸರು ಬಂದದ್ದು ನೀರುಬಣ್ಣದಿಂದ, ಅದು ಬೇರೆ ಮಾತು.

ತಾಯಂದಿರು ಲಕ್ಷ್ಯಕೊಟ್ಟು ಓದಬೇಕಾದ ಒಂದು ಸಂಗತಿಯುಂಟು. ಈ ಪುಡಿಯನ್ನು ಉಸಿರಿನಲ್ಲಿ ಎಳೆದುಕೊಳ್ಳಬಾರದು. ಸುಣ್ಣದ ಪುಡಿಯಿಂದ ಕೆಮ್ಮು ಬಂದೀತು, ಅಷ್ಟೇ. ಆದರೆ ಕಲಾಕಾರರ ಕಡ್ಡಿಗಳಲ್ಲಿ ಕೆಲವಕ್ಕೆ ಕ್ಯಾಡ್ಮಿಯಮ್, ಕೋಬಾಲ್ಟ್ ಮುಂತಾದ ಲೋಹಗಳಿಂದ ಬಣ್ಣ ಬರುವದು, ಅವು ಶರೀರಕ್ಕೆ ಹಿತವಲ್ಲ. ಚಿಕ್ಕ ಮಕ್ಕಳಿಗೆ ಇಂಥ ಕಡ್ಡಿಗಳನ್ನು ಕೊಡಲೇಬಾರದು. ಹೈಸ್ಕೂಲಿನ ಹುಡುಗಿಯರಿಗೂ ಪೆಟ್ಟಿಗೆಯ ಮೇಲಿನ ಬರಹವನ್ನು ಓದಿ ನಿರಪಾಯವಾದವುಗಳನ್ನೇ ಕೊಡತಕ್ಕದ್ದು. ಚಿತ್ರದ ಮೇಲಿನ ಪುಡಿಯನ್ನು ಬಾಯಿಂದ ಊದುವದು ಎಲ್ಲರಿಗೂ ಸಹಜವಾಗಿ ಬರುವ ದುರಭ್ಯಾಸ. ಊದದೆ, ಹಲಗೆಯನ್ನು ಮುಂದಕ್ಕೆ ಬಾಗಿಸಿ ಹಿಂಬದಿಗೆ ಬೆರಳಿನಿಂದ ತಟ್ಟಬೇಕು. ಹಲಗೆಯ ಬುಡಕ್ಕೆ ಕಾಗದವನ್ನು ದೋಣಿಯಂತೆ ಮಡಿಸಿ ಅಂಟಿಸಿದರೆ ಉದುರಿದ್ದೆಲ್ಲ ಅದರಲ್ಲಿ ಬೀಳುವದು. ಪಂಖೆಯನ್ನು ನಿಲ್ಲಿಸಿರಿ. ಕೆಲಸವಾದ ಮೇಲೆ ಕಸಬರಿಗೆ ಹಿಡಿಯದೆ ಒದ್ದೆ ಬಟ್ಟೆಯಿಂದ ಒರಸಿರಿ. ಕೈ ತೊಳೆಯದೆ ಯಾವದನ್ನೂ ಬಾಯಿಗೆ ಹಾಕಬಾರದು. ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿ ಎಲ್ಲ ಕಡ್ಡಿಗಳೂ ಬೂದಿಯಾದಾಗ ಅವುಗಳನ್ನು ಒಂದು ಡಬ್ಬಿಯಲ್ಲಿ ನುಚ್ಚಕ್ಕಿಯೊಡನೆ ಹಾಕಿ ಮೆಲ್ಲಗೆ ಅಲುಗಾಡಿಸಿದರೆ ಮೈ ತೊಳೆದಂತೆ ಹೊರಬರುವವು. ಆ ನುಚ್ಚನ್ನು ಕೋಳಿಗೂ ಹಾಕದೆ ಚೆಲ್ಲಿಬಿಡಬೇಕು. ಮಳೆಗಾಲದಲ್ಲಿ ಹಾಗೆಯೇ ಬಿಟ್ಟರೆ ಹುಳವಾಗುವದು.

ಮಳೆಗಾಲದ ಮಾತು ಬಂತು. ಇದನ್ನು ಬರೆಯಲು ನಮಗೆ ಮನಸ್ಸಿಲ್ಲದಿದ್ದರೂ ಬರೆಯಲೇಬೇಕು. ಕೆಲವು ವರ್ಷಗಳ ಹಿಂದೆ ಕಡಲ ತೀರದ ಕೇರಿಯೊಂದರಿಂದ ಬರುತ್ತಿದ್ದ ಒಬ್ಬ ಹುಡುಗಿಯು, ಮೀನು ಒಣಗಿಸುತ್ತ ಕುಳಿತ ತನ್ನ ಅಜ್ಜಿಯ ಮುಖವನ್ನು ಕಂದು ಕಾಗದದ ಮೇಲೆ ತೆಗೆದಳು. ನಮ್ಮ ಶಾಲೆಯಲ್ಲಿ ಅಂಥ ಚಿತ್ರವು ಅದಕ್ಕೆ ಮೊದಲಾಗಲಿ ಆಮೇಲಾಗಲಿ ಆದದ್ದಿಲ್ಲ. ಪ್ರದರ್ಶನಕ್ಕೆ ಬೇಕೆಂದು ನಾವು ಅದನ್ನು ಅವಳಿಗೆ ಹಿಂದೆ ಕೊಡದೆ, ಏಪ್ರಿಲ್ ತಿಂಗಳಲ್ಲಿ ಬೇರೆ ಚಿತ್ರಗಳೊಡನೆ ಸೇರಿಸಿ, ದಾರ ಕಟ್ಟಿ, ಪಶ್ಚಿಮದ ಗೋಡೆಗೆ ತಗಲಿದ ಕಪಾಟಿನಲ್ಲಿಟ್ಟೆವು. ಜುಲೈಯಲ್ಲಿ ಅಜ್ಜಿ ತೀರಿಕೊಂಡಳು. ಗುರುತಿನ ಚೀಟಿಯ ಮೇಲಿನ ಮಸಕಾದ ಮುಖದ ಹೊರತು ಅವಳ ಬೇರೆ ಚಿತ್ರ ಮನೆಯಲ್ಲಿರಲಿಲ್ಲ. ಹುಡುಗಿ ಬಂದು ತನ್ನ ಚಿತ್ರವನ್ನು ಕೇಳಿದಳು. ನಾವು ಕಟ್ಟು ಬಿಚ್ಚಿದಾಗ ಅಜ್ಜಿಯ ಮುಖದ ಅರ್ಧವು ಮೇಲಿನ ಹಾಳೆಯ ಹಿಂಬದಿಗೆ ಹತ್ತಿಕೊಂಡಿತ್ತು; ಉಳಿದರ್ಧದ ಮೇಲೆ ಬೂದುಬಣ್ಣದ ಬೂಷ್ಟು ಬೆಳೆದಿತ್ತು. ಮೊದಲು ಗಟ್ಟಿ ಕಡ್ಡಿಯಿಂದ ಎಳೆದ ಹಣೆಯ ಸುಕ್ಕುಗಳು ಮಾತ್ರ ಹಾಗೆಯೇ ಇದ್ದವು. ಅವಳು ಅದನ್ನು ತೆಗೆದುಕೊಂಡು ಹೋದಳು. ನಮ್ಮನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆದುದರಿಂದ ಇಡುವ ಬಗೆಯನ್ನು ತುಸು ವಿಸ್ತಾರವಾಗಿಯೇ ಹೇಳುವೆವು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಚಿರೇಕಲ್ಲಿನ ಗೋಡೆಗಳು ಜೂನಿನಿಂದ ಸಪ್ಟೆಂಬರ ವರೆಗೆ ಒಣಗುವದೇ ಇಲ್ಲ. ಕಾಗದವು ಗಾಳಿಯೊಳಗಿನ ನೀರನ್ನು ಹೀರುವದು. ಅದರಲ್ಲಿಯೂ ಕಡ್ಡಿಯಲ್ಲಿಯೂ ಇರುವ ಗೋಂದು ಬೂಷ್ಟಿಗೆ ಆಹಾರ. ಚಿತ್ರಗಳನ್ನು ಒಂದರ ಮೇಲೊಂದು ನೇರವಾಗಿ ಇಡಬಾರದು. ಪ್ರತಿಯೊಂದರ ಮೇಲೆಯೂ ಗ್ಲಾಸಿನ್ ಎಂಬ ನುಣುಪಾದ ಕಾಗದವನ್ನು, ಅದು ಸಿಕ್ಕದಿದ್ದರೆ ಬಟರ್ ಪೇಪರನ್ನು ಹಾಸಿ, ಅದು ಸರಿದಾಡದಂತೆ ನಾಲ್ಕು ಮೂಲೆಗಳಲ್ಲಿ ಅಂಟಿಸಬೇಕು. ತಿಕ್ಕಾಟವೇ ಮುಖ್ಯ ಶತ್ರು. ಅವುಗಳನ್ನು ರಟ್ಟಿನ ನಡುವೆ ಅಡ್ಡಲಾಗಿ ಮಲಗಿಸಿ, ಒಳಗಿನ ಗೋಡೆಯ ಕಡೆಗೆ ನೆಲದಿಂದ ಎತ್ತರದಲ್ಲಿಟ್ಟು, ಔಷಧದ ಡಬ್ಬಿಗಳಲ್ಲಿ ಬರುವಂಥ ಸಿಲಿಕಾ ಜೆಲ್ ಚೀಲಗಳನ್ನು ಸಂಗಡ ಇಡಿರಿ. ಮಳೆಯ ನಡುವೆ ಬಿಸಿಲು ಬಿದ್ದ ದಿವಸ ಕಪಾಟಿನ ಬಾಗಿಲನ್ನು ತೆರೆದಿಡಿರಿ. ಚಿತ್ರಗಳನ್ನು ಮಾತ್ರ ಬಿಸಿಲಿಗೆ ಹಾಕಬೇಡಿರಿ. ಬೂಷ್ಟು ಕಂಡರೆ ಒರಸದೆ, ಒಣ ಗಾಳಿಗೆ ಒಂದು ದಿವಸ ಇಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಮೆತ್ತನೆಯ ಕುಂಚದಿಂದ ಎತ್ತಬೇಕು.

ಫಿಕ್ಸೆಟಿವ್ ಎಂಬ ದ್ರಾವಣವನ್ನು ಸಿಂಪಡಿಸಿದರೆ ಎಲ್ಲ ಭಯವೂ ಹೋಗುವದಲ್ಲವೇ ಎಂದು ಕೇಳುವವರುಂಟು. ಪೂರ್ತಿಯಾಗಿ ಹೋಗದು. ಅದು ಪುಡಿಯನ್ನು ಸ್ವಲ್ಪ ಹಿಡಿಯುವದು ನಿಜ. ಆದರೆ ಕಣಗಳನ್ನು ಒದ್ದೆ ಮಾಡಿದ್ದರಿಂದ ಬಣ್ಣವು ಕಪ್ಪಿಡುವದು, ಮುಖ್ಯವಾಗಿ ಬಿಳುಪು ಮಂಕಾಗುವದು. ಚಿತ್ರವು ಮುಗಿಯುವ ಮೊದಲೇ ನೆರಳಿನ ಪದರುಗಳ ಮೇಲೆ ತೆಳ್ಳಗೆ ಒಮ್ಮೆ ಸಿಂಪಡಿಸಿ, ಕೊನೆಯ ಬೆಳಕುಗಳನ್ನು ಅದರ ಮೇಲೆ ಹಾಕಿ ಹಾಗೆಯೇ ಬಿಡುವದು ಲೇಸು. ಕೂದಲಿಗೆ ಹೊಡೆಯುವ ಸ್ಪ್ರೇಯನ್ನು ಬಳಸಿದವರಿದ್ದಾರೆ. ಅದು ವರ್ಷಗಳ ಮೇಲೆ ಹಳದಿಯಾಗುವದು.

ಗೋಡೆಗೆ ಹಾಕಬೇಕಾದ ಚಿತ್ರಕ್ಕೆ ಗಾಜಿನ ಕಟ್ಟು ಬೇಕೇ ಬೇಕು. ಗಾಜು ಮಾತ್ರ ಚಿತ್ರವನ್ನು ಮುಟ್ಟಕೂಡದು. ನಡುವೆ ದಪ್ಪನೆಯ ಮೌಂಟ್ ಬೋರ್ಡಿನ ಅಂಚು ಇರಬೇಕೆಂದು ಕಟ್ಟು ಹಾಕುವವನಿಗೆ ಎರಡು ಸಲ ಹೇಳಿರಿ, ಅವನು ಹೂಂ ಎಂದರೂ ಮೂರನೆಯ ಸಲ ಹೇಳಿರಿ. ಗಾಜಿಗೆ ಬದಲಾಗಿ ಪ್ಲಾಸ್ಟಿಕ್ ಹಾಳೆ ಹಾಕಿದರೆ ಅದನ್ನು ಒರಸಿದಾಗ ಹುಟ್ಟುವ ವಿದ್ಯುತ್ತು ಕಾಗದದ ಪುಡಿಯನ್ನು ತನ್ನ ಕಡೆಗೆ ಎಳೆದುಕೊಳ್ಳುವದು. ಕಟ್ಟಿನ ಹಿಂಬದಿಯ ಕೆಳಮೂಲೆಗಳಲ್ಲಿ ಬಿರಡೆಯ ಎರಡು ಚಿಕ್ಕ ಬಿಲ್ಲೆಗಳನ್ನು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುವದು. ಮಳೆ ಹೊಡೆಯುವ ಪಶ್ಚಿಮದ ಗೋಡೆ ಬೇಡ. ಒಲೆಯಿರುವ ಕೋಣೆಯೂ ಬೇಡ.

ಬರುವ ಸಮ್ಮೇಳನದ ದಿವಸ ಹಳೆಯ ವಿದ್ಯಾರ್ಥಿನಿಯರ ಚಿತ್ರಗಳಿಗಾಗಿ ಉತ್ತರದ ಒಳಗೋಡೆಯನ್ನು ಖಾಲಿ ಬಿಡುವೆವು. ತೆಂಗಿನಕಾಯಿಯಾದರೂ ಸರಿ. ತರುವಾಗ ಸುರುಳಿ ಸುತ್ತಬೇಡಿರಿ; ಮೇಲೆ ಬಟರ್ ಪೇಪರು ಹಾಕಿ, ಎರಡು ರಟ್ಟುಗಳ ನಡುವೆ ಬಿಗಿಯಾಗಿ ಕಟ್ಟಿ, ಬಸ್ಸಿನಲ್ಲಿ ಮೇಲಿನ ಸಾಮಾನಿನ ಹಲಗೆಯ ಮೇಲೆ ಹಾಕದೆ ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಬನ್ನಿರಿ. ಸಂಜೆ ಹೊರಡುವಾಗ ನಿಮ್ಮ ಚಿತ್ರವನ್ನು ನಿಮ್ಮ ಕೈಗೇ ಕೊಟ್ಟು ಕಳುಹಿಸುವೆವು.